ದೊಡ್ಡಕ್ಷರದ ಕನ್ನಡ ಸತ್ಯವೇದ: ಕಾಯಿಲೆ ಇರುವ ಮನೆಗೆ ಯಾವುದು ತರಬೇಕು?

ಮನೆಯಲ್ಲಿ ಕಣ್ಣು ಮಂಜಾದವರಿದ್ದಾರೆಯೇ? ಅದರ ಮೇಲೆ ದೊಡ್ಡ ಕಾಯಿಲೆಯೂ ಇದೆಯೇ? ಹಾಗಾದರೆ ದೊಡ್ಡಕ್ಷರದ ಕನ್ನಡ ಸತ್ಯವೇದ, ಅಂದರೆ ಬೈಬಲ್, ತನ್ನಿ. ಇಡೀ ಸತ್ಯವೇದವನ್ನೇ ತನ್ನಿ. ಬರೀ ಹೊಸ ಒಡಂಬಡಿಕೆ (ಯೇಸು ಸ್ವಾಮಿಯಿಂದ ಶುರುವಾಗುವ ಎರಡನೇ ಭಾಗ) ಸಾಕು, ವಾಗ್ದಾನದ ವಚನಗಳ ಕಾರ್ಡು ಸಾಕು ಅಂತ ಬಿಡಬೇಡಿ. ಯಾಕೆ ಅಂತ ಹೇಳುವುದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಪುಸ್ತಕದಲ್ಲಿ ಕೊರತೆಗಳೂ ಇವೆ. ಅವನ್ನೂ ಮುಚ್ಚಿಡುವುದಿಲ್ಲ.

ನಾವು ಗಂಗಾವತಿ ಕಡೆಯವರು. ತುಂಗಭದ್ರೆಯ ಎಡದಂಡೆ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುತ್ತೇವೆ. ಸ್ವಂತದ್ದು ಸ್ವಲ್ಪ, ಗುತ್ತಿಗೆಯದ್ದು ಜಾಸ್ತಿ. ನಮ್ಮ ಮನೆಯವರಿಗೆ ಬಹಳ ವರ್ಷದಿಂದ ಸಕ್ಕರೆ ಕಾಯಿಲೆ. ಅದು ಮೊದಲು ಕಣ್ಣಿಗೆ ಬಂತು, ಆಮೇಲೆ ಕಿಡ್ನಿಗೆ. ಈಗ ವಾರಕ್ಕೆ ಮೂರು ಸಲ ಡಯಾಲಿಸಿಸ್. ಒಂದೊಂದು ಸಲಕ್ಕೂ ನಾಲ್ಕು ತಾಸು. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಮಾಡುತ್ತಾರೆ. ಅದೊಂದು ಇಲ್ಲದಿದ್ದರೆ ನಾವು ಏನು ಮಾಡುತ್ತಿದ್ದೆವೋ ದೇವರೇ ಬಲ್ಲ.

ಅವರು ಓದುವ ಮನುಷ್ಯ. ಬೆಳಗ್ಗೆ ಚಹಾಕ್ಕೂ ಮುಂಚೆ ಒಂದು ಅಧ್ಯಾಯ ಓದುವುದು ಮದುವೆಗೆ ಮೊದಲಿನಿಂದಲೂ ಬಂದ ರೂಢಿ. ಕಣ್ಣು ಮಂಜಾದ ಮೇಲೆ ಮನೆಯ ಹಳೇ ಸತ್ಯವೇದವನ್ನು ಮುಖದ ಹತ್ತಿರ ಹಿಡಿದು ನೋಡುವರು, ಆಮೇಲೆ ಸುಮ್ನೆ ಮುಚ್ಚಿಡುವರು. ನಾನು ಓದುತ್ತೇನೆ ಅಂದರೆ ಬೇಡ ಅನ್ನುತ್ತಿರಲಿಲ್ಲ. ಆದರೆ ತಾನೇ ಓದುವುದು ಬೇರೆ, ಇನ್ನೊಬ್ಬರು ಓದಿದ್ದನ್ನು ಕೇಳುವುದು ಬೇರೆ ಅಲ್ವಾ? ಮಾತ್ರೆಗೆ, ಇನ್ಸುಲಿನ್‌ಗೆ, ಆಸ್ಪತ್ರೆಗೆ ಹೋಗುವುದಕ್ಕೆ, ಎಲ್ಲಕ್ಕೂ ಇನ್ನೊಬ್ಬರನ್ನು ಕಾಯಬೇಕಾದ ಮನುಷ್ಯ ದೇವರ ಮಾತನ್ನಾದರೂ ತನ್ನ ಕಣ್ಣಿಂದಲೇ ಓದಲಿ ಅಂತ ನನ್ನ ಆಸೆ. ಹಾಗಾಗಿ ಕಂಪ್ಲಿ, ಕುರುಗೋಡು ದಾಟಿ ಬಳ್ಳಾರಿಗೆ ಹೋಗಿ, ಕ್ರೈಸ್ತ ಪುಸ್ತಕಗಳ ಅಂಗಡಿಯಲ್ಲಿ ಇದನ್ನು ಕೊಂಡು ತಂದೆ.

ಬಳ್ಳಾರಿಯಲ್ಲಿ ಕೊಂಡದ್ದರಲ್ಲಿ ನನಗೊಂದು ಸಂತೋಷ ಇದೆ. ಕನ್ನಡದ ಸತ್ಯವೇದಕ್ಕೂ ಆ ಊರಿಗೂ ಹಳೇ ನಂಟು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಕನ್ನಡ ಕಲಿತು ಅನುವಾದಕ್ಕೆ ಕೂತರು. ಇಡೀ ಸತ್ಯವೇದ ಕನ್ನಡದಲ್ಲಿ ಆಗುವಷ್ಟರಲ್ಲಿ 1831 ಬಂದಿತ್ತು. ಈಗ ನಮ್ಮ ಕೈಯಲ್ಲಿರುವುದು ಆಮೇಲೆ ತಿದ್ದಿ ತಿದ್ದಿ ಬಂದ ಪಠ್ಯ. ಆದರೂ ಆ ಬಿಸಿಲಲ್ಲಿ ಅಷ್ಟು ವರ್ಷ ಕೂತು ಯೋಬನ ಗೋಳನ್ನೂ ದಾವೀದನ ಅಳುವನ್ನೂ ನಮ್ಮ ಮಾತಿಗೆ ತಂದವರನ್ನು ನಾನು ನೆನೆಯುತ್ತೇನೆ. ಅವರೊಂದಿಗೆ ಕೂತು ಕನ್ನಡ ಹೇಳಿಕೊಟ್ಟ ನಮ್ಮ ಜನರನ್ನೂ ನೆನೆಯುತ್ತೇನೆ.

ಇನ್ನು ಪುಸ್ತಕದ ವಿಷಯ.

ಅಕ್ಷರಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಕನ್ನಡದಲ್ಲಿ ಕಣ್ಣಿಗೆ ಕಷ್ಟ ಕೊಡುವುದು ಮೇಲಿನ ಅಕ್ಷರವಲ್ಲ, ಕೆಳಗೆ ಬರುವ ಒತ್ತಕ್ಷರ. ಸಣ್ಣ ಸೈಜಿನ ಸತ್ಯವೇದದಲ್ಲಿ ಒತ್ತು ಒಂದು ಚುಕ್ಕೆಯ ಹಾಗೆ ಕಾಣುತ್ತದೆ. ಬಳ್ಳಿಯೋ ಬಳಿಯೋ ಅಂತ ಊಹೆ ಮಾಡಿಕೊಂಡು ಓದಬೇಕು. ಇದರಲ್ಲಿ ಒತ್ತುಗಳು ಬಿಡಿಬಿಡಿಯಾಗಿ, ಸ್ಪಷ್ಟವಾಗಿ ಬಿದ್ದಿವೆ. ನಮ್ಮ ಮನೆಯವರು ಮೊದಲ ದಿನವೇ ಬಾಬೆಲಿನ ಅರಸ ನೆಬೂಕದ್ನೆಚ್ಚರನ ಹೆಸರನ್ನು ತಡೆಯದೆ ಓದಿಬಿಟ್ಟರು. ಮಗಳು ಚಪ್ಪಾಳೆ ತಟ್ಟಿದಳು. ಆದರೆ ಸಾಲಿಗೂ ಸಾಲಿಗೂ ನಡುವೆ ಜಾಗ ಸಾಲದು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುವಷ್ಟು ಹತ್ತಿರ ಇದೆ. ಸಾಲಿನ ಕೆಳಗೆ ಒಂದು ದಪ್ಪ ಕಾಗದ ಇಟ್ಟುಕೊಂಡು ಓದಿದರೆ ತೊಂದರೆ ಆಗುವುದಿಲ್ಲ. ವಚನದ ಸಂಖ್ಯೆಗಳು ಮಾತ್ರ ಹಳೇ ಸಣ್ಣ ಸೈಜಿನಲ್ಲೇ ಇವೆ. ಇದು ಯಾಕೆ ಹೀಗೆ ಅಂತ ನನಗೆ ಅರ್ಥವಾಗಲಿಲ್ಲ. ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, 17ನೇ ವಚನ ಅಂದಾಗ ಹುಡುಕಬೇಕಾದವರು ಇದೇ ಕಣ್ಣಿನವರೇ ಅಲ್ವಾ?

ಹಾಳೆ ತೆಳ್ಳಗಿದೆ. 66 ಪುಸ್ತಕಗಳನ್ನು ದೊಡ್ಡಕ್ಷರದಲ್ಲಿ ಒಂದೇ ಕಟ್ಟಿನಲ್ಲಿ ತರಬೇಕಾದರೆ ತೆಳ್ಳಗಿನ ಹಾಳೆಯೇ ಬೇಕು, ಒಪ್ಪುತ್ತೇನೆ. ಆದರೆ ಹಿಂದಿನ ಪುಟದ ಅಕ್ಷರ ಈಚೆಗೆ ಕಾಣುತ್ತದೆ. ಹಗಲು ಕಿಟಕಿ ಪಕ್ಕ ಕೂತರೆ ಅಷ್ಟು ಗೊತ್ತಾಗುವುದಿಲ್ಲ. ರಾತ್ರಿ ಕರೆಂಟ್ ಹೋಗಿ ಚಾರ್ಜಿಂಗ್ ಲೈಟ್ ಹಿಂದೆ ಇಟ್ಟರೆ ಓದಲು ಆಗುವುದೇ ಇಲ್ಲ. ಬೆಳಕು ಮುಂದಿನಿಂದ ಅಥವಾ ಭುಜದ ಮೇಲಿನಿಂದ ಬೀಳುವಂತೆ ನೋಡಿಕೊಳ್ಳಿ. ಓದುವ ಪುಟದ ಹಿಂದೆ ಒಂದು ಕಪ್ಪು ಕಾಗದ ಸೇರಿಸಿದರೆ ಹಿಂದಿನ ಅಕ್ಷರ ಮಾಯವಾಗುತ್ತದೆ. ಮಗಳ ಪ್ರಾಜೆಕ್ಟಿಗೆ ತಂದ ಕಪ್ಪು ಚಾರ್ಟಿನಲ್ಲಿ ಒಂದು ತುಂಡು ಕತ್ತರಿಸಿ ಪುಸ್ತಕದಲ್ಲೇ ಇಟ್ಟಿದ್ದೇವೆ. ಹೊಲಿಗೆ ಗಟ್ಟಿ ಇದೆ. ಜಿಪ್ ಮಾತ್ರ ಬೇಗ ಕೆಟ್ಟಿತು, ಅದನ್ನು ದರ್ಜಿ ಹತ್ತಿರ ಬದಲಾಯಿಸಿಕೊಂಡೆ. ರಿಬ್ಬನ್ ಒಂದೇ ಕೊಟ್ಟಿದ್ದಾರೆ. ಹಳೇ ಒಡಂಬಡಿಕೆಗೆ ಒಂದು, ಹೊಸದಕ್ಕೆ ಒಂದು ಇದ್ದಿದ್ದರೆ ಚೆನ್ನಾಗಿತ್ತು.

ದೊಡ್ಡ ತೊಂದರೆ ತೂಕ. ಡಯಾಲಿಸಿಸ್ ಮನೆಯವರು ಇದನ್ನು ಗಮನವಿಟ್ಟು ಓದಿ. ಫಿಸ್ಟುಲಾ (ಡಯಾಲಿಸಿಸ್ ಸೂಜಿಗಾಗಿ ರಕ್ತನಾಳಗಳನ್ನು ಜೋಡಿಸುವ ಆಪರೇಷನ್) ಮಾಡಿದ ಕೈಗೆ ಸೂಜಿ ಚುಚ್ಚಿರುತ್ತಾರೆ. ನಾಲ್ಕು ತಾಸೂ ಆ ಕೈ ಅಲುಗಾಡಬಾರದು. ಅಂದರೆ ಓದುವವರಿಗೆ ಇರುವುದು ಒಂದೇ ಕೈ. ಒಂದೇ ಕೈಯಲ್ಲಿ ಈ ಪುಸ್ತಕ ಹಿಡಿಯುವುದು, ಪುಟ ತಿರುವುವುದು ಆಗದ ಮಾತು. ಹೊಟ್ಟೆಯ ಮೇಲೆ ದಿಂಬಿಟ್ಟು, ಅದರ ಮೇಲೆ ಪುಸ್ತಕ ಇಟ್ಟು ನೋಡಿದೆವು. ಜಾರುತ್ತದೆ. ಹೊರಗಿನ ಭಾರ ಏನೂ ಮೈಮೇಲೆ ಇಡಬೇಡಿ ಅಂತ ಸಿಸ್ಟರ್ ಹೇಳಿದರು, ಅವರು ಹೇಳಿದ್ದು ಸರಿಯೇ. ಹಾಗಾಗಿ ಇದು ಮನೆಯ ಪುಸ್ತಕ. ಮನೆಯಲ್ಲೂ ವ್ಯಾಸಪೀಠ ಇದ್ದರೆ ಒಳ್ಳೆಯದು. ಆಸ್ಪತ್ರೆಗೆ ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಸೇರಿರುವ ಸಣ್ಣ ಪುಸ್ತಕ ಒಯ್ಯುತ್ತೇವೆ. ಅದನ್ನು ನಾನು ಓದುತ್ತೇನೆ.

ಮೊಬೈಲಿನಲ್ಲಿ ಪುಕ್ಕಟೆ ಸಿಗುವಾಗ ಪುಸ್ತಕ ಯಾಕೆ ಅಂತ ಕೇಳುವವರಿದ್ದಾರೆ. ಆ್ಯಪ್ ಒಳ್ಳೆಯದೇ. ಅಕ್ಷರ ಎಷ್ಟು ಬೇಕಾದರೂ ದೊಡ್ಡದು ಮಾಡಬಹುದು, ಓದಿ ಹೇಳುವ ಆಡಿಯೋ ಕೂಡ ಇದೆ. ಯಂತ್ರದ ಸದ್ದಿನ ನಡುವೆ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ನಮ್ಮವರು ಎಷ್ಟೋ ಸಲ ಕೇಳಿದ್ದಾರೆ. ಆದರೆ ಫೋನಿನಲ್ಲಿ ಆಸ್ಪತ್ರೆಯ ಕರೆ ಬರುತ್ತದೆ, ಸಾಲದವರ ಕರೆ ಬರುತ್ತದೆ. ಪ್ರಾರ್ಥನೆಗೆ ಕೂತವರ ಮನಸ್ಸು ಅಲ್ಲೇ ಒಡೆಯುತ್ತದೆ. ಇನ್ನೊಂದು ಕಾರಣವೂ ಇದೆ. ಆ್ಯಪ್ ದಿನಕ್ಕೊಂದು ವಚನ ತೋರಿಸುತ್ತದೆ. ಹೊಸ ವರ್ಷದ ರಾತ್ರಿ ಸಭೆಯಲ್ಲಿ ನಾವು ಎತ್ತಿಕೊಳ್ಳುವ ವಾಗ್ದಾನದ ಕಾರ್ಡೂ ಒಂದೇ ವಚನ ಕೊಡುತ್ತದೆ. ಆ ವಚನಗಳೆಲ್ಲ ಬಲ ಕೊಡುವಂಥವು, ಬೆಳಕಿನವು. ಅವುಗಳನ್ನು ನಾನು ಪ್ರೀತಿಸುತ್ತೇನೆ, ನಮ್ಮ ಬೀರುವಿನ ಬಾಗಿಲಿಗೂ ಅಂಟಿಸಿದ್ದೇನೆ. ಆದರೆ ಕಷ್ಟದವರಿಗೆ ಅಷ್ಟೇ ಸಾಕಾಗುವುದಿಲ್ಲ. ಆ ಬೆಳಕಿನ ವಚನದ ಹಿಂದೆ ಮುಂದೆ ಏನಿದೆ ಅಂತ ಓದಬೇಕು. ಅಲ್ಲಿ ಅಳು ಇದೆ. ದೇವರನ್ನು ಎದುರಿಗೆ ನಿಲ್ಲಿಸಿ ಕೇಳಿದ ಪ್ರಶ್ನೆ ಇದೆ.

ಪ್ರಲಾಪಗಳು ಪುಸ್ತಕವನ್ನೇ ನೋಡಿ. ದೇವರ ಕರುಣೆ ಮುಂಜಾನೆ ಮುಂಜಾನೆಗೆ ಹೊಸದಾಗುತ್ತದೆ ಎನ್ನುವ ಮಾತು ಎಲ್ಲರ ಮನೆಯ ಕ್ಯಾಲೆಂಡರಿನಲ್ಲೂ ಇರುತ್ತದೆ. ಅದು ಇರುವುದು ಐದು ಅಧ್ಯಾಯದ ಪುಸ್ತಕದ ನಟ್ಟನಡುವೆ, ಮೂರನೇ ಅಧ್ಯಾಯದಲ್ಲಿ. ಬಾಬೆಲಿನವರು ಯೆರೂಸಲೇಮನ್ನು ಸುಟ್ಟು ಹಾಕಿದ್ದಾರೆ. ಮಕ್ಕಳು ಹಸಿವಿನಿಂದ ಬೀದಿಯಲ್ಲಿ ಬೀಳುತ್ತಿದ್ದಾರೆ. ಆ ಮಾತಿನ ಹಿಂದೆಯೂ ಗೋಳು, ಮುಂದೆಯೂ ಗೋಳು. ಪುಸ್ತಕ ಮುಗಿಯುವಾಗಲೂ ಉತ್ತರ ಬಂದಿಲ್ಲ. ಇದನ್ನು ಪೂರ್ತಿ ಓದಿದ ಮೇಲೆ ಆ ಕ್ಯಾಲೆಂಡರಿನ ವಚನ ನನಗೆ ಇನ್ನೂ ಗಟ್ಟಿಯಾಯಿತು. ಸುಖದಲ್ಲಿ ಕೂತು ಹೇಳಿದ ಮಾತಲ್ಲ ಅದು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಯಿತು. 33 ಗೇಟುಗಳಲ್ಲಿ ಅದೊಂದು. ಡ್ಯಾಂ ತುಂಬಿ ನಿಂತಿತ್ತು. ಆ ಜಾಗಕ್ಕೆ ಬೇರೆ ಗೇಟ್ ಕೂರಿಸಬೇಕಾದರೆ ನೀರು ಇಳಿಯಬೇಕು. ಹಾಗಾಗಿ ಉಳಿದ ಗೇಟುಗಳನ್ನೂ ತೆರೆದು ನದಿಗೆ ನೀರು ಬಿಟ್ಟರು. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ರೈತರಿಗೆ ಆ ದಿನಗಳು ಹೇಗಿದ್ದವು ಅಂತ ಹೇಳಬೇಕಾಗಿಲ್ಲ. ನಮ್ಮದು ಆಗಷ್ಟೇ ನಾಟಿ ಮುಗಿದಿತ್ತು. ಬೀಜ, ಗೊಬ್ಬರ, ನಾಟಿಯ ಕೂಲಿ, ಎಲ್ಲ ಸಾಲದ ದುಡ್ಡು. ಹೊಳೆಗೆ ಹೋಗುವ ಒಂದೊಂದು ಹನಿಯೂ ನಮ್ಮ ಗದ್ದೆಯದು ಅನ್ನಿಸುತ್ತಿತ್ತು. ಡಯಾಲಿಸಿಸ್ ಕೂಡ ಆಗ ಶುರುವಾಗಿ ಹೆಚ್ಚು ದಿನ ಆಗಿರಲಿಲ್ಲ.

ಒಂದು ಸಂಜೆ ನಮ್ಮವರು, "ಹಬಕ್ಕೂಕ ತೆಗಿ" ಅಂದರು. ನನಗೆ ಬೇಗ ಸಿಗಲಿಲ್ಲ. ಮೂರೇ ಅಧ್ಯಾಯದ ಪುಸ್ತಕ, ಹಳೇ ಒಡಂಬಡಿಕೆಯ ಕೊನೆಯಲ್ಲಿ ಸಣ್ಣ ಪ್ರವಾದಿಗಳ ನಡುವೆ ಸೇರಿಕೊಂಡಿರುತ್ತದೆ. ಪುಟದ ಅಂಚಿನಲ್ಲಿ ಹೆಬ್ಬೆರಳಿಗೆ ಕೊರೆದ ಗುರುತುಗಳಲ್ಲೂ ಇದಕ್ಕೆ ಬೇರೆ ಗುರುತಿಲ್ಲ. ಮತ್ತಾಯನಿಂದ ಹಿಂದಕ್ಕೆ ಬಂದರೆ ಐದನೆಯದು, ನೆನಪಿಟ್ಟುಕೊಳ್ಳಿ. ಅವರೇ ಓದಿದರು, ಕಾಗದ ಇಟ್ಟುಕೊಂಡು ಒಂದೊಂದೇ ಸಾಲು. ಶುರುವಾಗುವುದೇ ದೂರಿನಿಂದ. ಎಷ್ಟು ಕಾಲ ಕೂಗಲಿ, ನೀನು ಕೇಳುವುದೇ ಇಲ್ಲವಲ್ಲ ಅಂತ ಪ್ರವಾದಿ ದೇವರಿಗೇ ಹೇಳುತ್ತಾನೆ. ಕೊನೆಯಲ್ಲಿ ಅಂಜೂರ ಹೂ ಬಿಡದಿದ್ದರೂ, ದ್ರಾಕ್ಷಿಯಲ್ಲಿ ಹಣ್ಣಿಲ್ಲದಿದ್ದರೂ, ಹೊಲ ಬೆಳೆ ಕೊಡದಿದ್ದರೂ, ಕೊಟ್ಟಿಗೆಯಲ್ಲಿ ದನ ಇಲ್ಲದಿದ್ದರೂ ನಾನು ಕರ್ತನಲ್ಲಿ ಸಂತೋಷಪಡುತ್ತೇನೆ ಅನ್ನುತ್ತಾನೆ. ಬೆಳೆ ಬಂದ ಮೇಲೆ ಹಾಡಿದ ಹಾಡಲ್ಲ. ಬರಿದಾದ ಕೊಟ್ಟಿಗೆ ಮುಂದೆ ನಿಂತು ಹಾಡಿದ್ದು. ನಮ್ಮವರು ಆ ಪುಟದ ಮೇಲೆ ಕೈಯಿಟ್ಟು, "ನೀರು ಬಂದ್ರೂ ಇಷ್ಟೇ, ಬರದಿದ್ರೂ ಇಷ್ಟೇ. ನಾವು ಅವನವರು" ಅಂದರು. ಆ ರಾತ್ರಿ ನಾನು ನಿದ್ದೆ ಮಾಡಿದೆ.

ಒಂದು ವಾರದ ಹೊತ್ತಿಗೆ ತಾತ್ಕಾಲಿಕ ಗೇಟ್ ಕೂರಿಸಿದರು. ಮಳೆ ಬಂತು, ಡ್ಯಾಂ ಮತ್ತೆ ತುಂಬಿತು, ಭತ್ತ ಕೈಗೆ ಬಂತು. ಕಿಡ್ನಿ ಮಾತ್ರ ವಾಪಸ್ ಬರಲಿಲ್ಲ. ಸಭೆಯಲ್ಲಿ ಸಾಕ್ಷಿ ಹೇಳಲು, ಅಂದರೆ ದೇವರು ನಮಗೆ ಮಾಡಿದ್ದನ್ನು ಎಲ್ಲರ ಮುಂದೆ ಹೇಳಲು, ನಿಂತಾಗ ನಾನು ಎರಡನ್ನೂ ಹೇಳಿದೆ. ಬೆಳೆ ಕೊಟ್ಟ ದೇವರನ್ನು ನಂಬುತ್ತೇನೆ, ಕಿಡ್ನಿ ಇನ್ನೂ ಕೊಡದ ದೇವರೂ ಅವನೇ, ಅವನನ್ನೂ ನಂಬುತ್ತೇನೆ ಅಂದೆ. ಉತ್ತರ ಸಿಕ್ಕ ಪ್ರಾರ್ಥನೆಗಳಿಗೆ ಮಾತ್ರ ಸಾಕ್ಷಿ ಹೇಳಿದರೆ, ಹಿಂದಿನ ಬೆಂಚಿನಲ್ಲಿ ಕೂತ ಉಳಿದವರು ಏನು ಅಂದುಕೊಳ್ಳಬೇಕು? ಆ ದಿನ ಕೂಟ ಮುಗಿದ ಮೇಲೆ ಒಬ್ಬ ಅಕ್ಕ ಬಂದು ಕೈ ಹಿಡಿದುಕೊಂಡರು. ಮಗ ತೀರಿಹೋದ ಮೇಲೆ ಅವರು ಸಾಕ್ಷಿಗೆ ಎದ್ದೇ ಇರಲಿಲ್ಲ.

ಕಾಯಿಲೆ ಮನೆಗೆ ಬಂದರೆ ಜನ ಕಾರಣ ಹುಡುಕುತ್ತಾರೆ. ಯಾವ ಪಾಪ, ಯಾರ ಶಾಪ, ನಂಬಿಕೆ ಕಡಿಮೆ ಇರಬೇಕು, ಉಪವಾಸ ಸರಿಯಾಗಿ ಮಾಡಿಲ್ಲ. ನಮಗೂ ಹೇಳಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಆದರೆ ಆ ಮಾತು ನೋಯಿಸುತ್ತದೆ. ಆಸ್ತಿ, ಮಕ್ಕಳು, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಪುಸ್ತಕ ಅದಕ್ಕೇ ಇದೆ ಅನ್ನಿಸುತ್ತದೆ. ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಗೆಳೆಯರು ಬಂದು ಏಳು ದಿನ ಮಾತಿಲ್ಲದೆ ಯೋಬನ ಜೊತೆ ನೆಲದ ಮೇಲೆ ಕೂತರು. ಅಷ್ಟರವರೆಗೆ ಅವರು ಮಾಡಿದ್ದು ಎಷ್ಟು ಚೆಂದ! ಬಾಯಿ ತೆಗೆದ ಮೇಲೆಯೇ ಹಾಳಾಯಿತು. ನೀನು ತಪ್ಪು ಮಾಡಿರಬೇಕು, ಅದಕ್ಕೇ ಶಿಕ್ಷೆ ಅಂದರು. 42ನೇ ಅಧ್ಯಾಯದಲ್ಲಿ ದೇವರು ಆ ಗೆಳೆಯರ ಮೇಲೆ ಕೋಪಗೊಂಡು, ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಯೋಬನೇ ಅನ್ನುತ್ತಾನೆ. ಅಷ್ಟು ಕೂಗಾಡಿದ ಯೋಬನೇ! ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲೂ ಹುಟ್ಟು ಕುರುಡನನ್ನು ನೋಡಿ ಯಾರ ಪಾಪ ಅಂತ ಶಿಷ್ಯರು ಕೇಳಿದರೆ, ಇವನದೂ ಅಲ್ಲ, ತಂದೆತಾಯಿಗಳದೂ ಅಲ್ಲ ಅಂತ ಯೇಸು ಸ್ವಾಮಿ ನೇರವಾಗಿ ಹೇಳಿದರು. ಕಾಯಿಲೆಯವರನ್ನು ನೋಡಲು ಹೋಗುವ ಸಭೆಯವರು ಈ ಎರಡನ್ನು ಓದಿಕೊಂಡು ಹೋಗಲಿ ಅಂತ ನನ್ನ ಬೇಡಿಕೆ.

ಬೇಸಿಗೆಯಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುತ್ತದೆ. ಕಿಡ್ನಿ ಕೆಟ್ಟವರು ನೀರನ್ನು ಅಳೆದು ಕುಡಿಯಬೇಕು. ಲೋಟ ತೋರಿಸಿ ಇಷ್ಟೇ ಅನ್ನುವಾಗ ನನ್ನ ಹೊಟ್ಟೆ ಉರಿಯುತ್ತದೆ. ಕೀರ್ತನೆ 42ನ್ನು ಅವರೇ ತೆಗೆದು ಓದಿದರು. ನೀರಿನ ತೊರೆಗಾಗಿ ಬಾಯಾರಿದ ಜಿಂಕೆ ಅಲ್ಲಿ ಬರುತ್ತದೆ. ನಾನು ಅದನ್ನು ಮೊದಲು ಹಾಡಾಗಿ ಹಾಡಿದ್ದೇನೆ, ಅಷ್ಟೇ. ಒಣಗಿದ ತುಟಿಯವರು ಓದುವಾಗ ಕೇಳಿರಲಿಲ್ಲ. "ಇದು ಬರೆದವನಿಗೆ ಬಾಯಾರಿಕೆ ಗೊತ್ತಿತ್ತು" ಅಂದರು. ನನ್ನ ಪ್ರಾಣವೇ, ಯಾಕೆ ಕುಗ್ಗಿದ್ದೀ ಅಂತ ಆ ಕವಿ ತನ್ನನ್ನೇ ಕೇಳಿಕೊಳ್ಳುತ್ತಾನೆ. ಅದೇ ಪ್ರಶ್ನೆ 42ರಲ್ಲಿ ಎರಡು ಸಲ, 43ರಲ್ಲಿ ಇನ್ನೊಂದು ಸಲ ಬರುತ್ತದೆ. ಒಂದು ಸಲ ಕೇಳಿದರೆ ಮನಸ್ಸು ಎದ್ದು ನಿಲ್ಲುವುದಿಲ್ಲ ಅಂತ ಸತ್ಯವೇದಕ್ಕೂ ಗೊತ್ತಿದೆ.

ಸುಸ್ತಾದ ದಿನಗಳಿಗೆ ಚಿಕ್ಕವನ್ನು ಆರಿಸಿಕೊಳ್ಳಿ. ಕೀರ್ತನೆ 13ರಲ್ಲಿ ಆರೇ ವಚನ. ಎಷ್ಟರವರೆಗೆ, ಎಷ್ಟರವರೆಗೆ ಅಂತ ಕೇಳುತ್ತಾ ಶುರುವಾಗಿ ಹಾಡಿನಲ್ಲಿ ಮುಗಿಯುತ್ತದೆ. ತೀರಾ ಕತ್ತಲಾದ ದಿನಕ್ಕೆ ಕೀರ್ತನೆ 88 ಇದೆ. ಅದು ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೊಂದು ಸಮಾಧಾನದ ಸಾಲೂ ಇಲ್ಲ. ಕಾಯಿಲೆಯವರಿಗೆ ಇದನ್ನು ಓದಬೇಡಿ, ಧೈರ್ಯ ಕೆಡುತ್ತದೆ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅಷ್ಟು ಕತ್ತಲಲ್ಲೂ ಆ ಮನುಷ್ಯ ಮಾತಾಡುತ್ತಿರುವುದು ದೇವರ ಹತ್ತಿರವೇ. ಮಾತು ಬಿಟ್ಟಿಲ್ಲ. ನಮಗೂ ಕೆಲವು ರಾತ್ರಿ ಅಷ್ಟೇ ಸಾಧ್ಯವಾಗಿದೆ.

ಹೊಸ ಒಡಂಬಡಿಕೆಯಲ್ಲಿ ನಮ್ಮವರು ಮತ್ತೆ ಮತ್ತೆ ತೆಗೆಯುವುದು ಕೊರಿಂಥದವರಿಗೆ ಬರೆದ ಎರಡನೇ ಪತ್ರಿಕೆಯ 12ನೇ ಅಧ್ಯಾಯ. ಆ ಪತ್ರಿಕೆ ಬರೆದ ಪೌಲನ ಮೈಯಲ್ಲಿ ಒಂದು ಮುಳ್ಳು. ತೆಗೆ ಅಂತ ಮೂರು ಸಲ ಬೇಡಿದ. ತೆಗೆಯಲಿಲ್ಲ. ನನ್ನ ಕೃಪೆ ನಿನಗೆ ಸಾಕು ಅನ್ನುವ ಉತ್ತರ ಬಂತು. ಯೇಸು ಸ್ವಾಮಿಯೂ ಗೆತ್ಸೇಮನೆ ತೋಟದಲ್ಲಿ ಮೂರು ಸಲ ಬೇಡಿದರು, ಆ ಕಷ್ಟದ ಪಾತ್ರೆ ತೊಲಗಲಿಲ್ಲ. ಬೇಡಿದ್ದು ಸಿಗದ ಸಾಲಿನಲ್ಲಿ ನಮ್ಮ ಮುಂದೆ ಅವರೇ ನಿಂತಿದ್ದಾರೆ. ಹಾಗಿರುವಾಗ ನಮಗೆ ನಂಬಿಕೆ ಕಡಿಮೆ ಅಂತ ಯಾರು ಹೇಳಿದರೂ ನಾನು ಕೇಳುವುದಿಲ್ಲ. ನಾವು ಈಗಲೂ ಗುಣವಾಗಲಿ ಅಂತಲೇ ಬೇಡುತ್ತೇವೆ, ಮಾತ್ರೆಯನ್ನೂ ಬಿಡುವುದಿಲ್ಲ, ಡಯಾಲಿಸಿಸ್ ಒಂದು ಸಲವೂ ತಪ್ಪಿಸುವುದಿಲ್ಲ. ಪ್ರಾರ್ಥನೆ ಮಾಡಿದ್ದೇವೆ ಅಂತ ಡಯಾಲಿಸಿಸ್ ಬಿಡುವವರಿದ್ದರೆ ದಯವಿಟ್ಟು ಹಾಗೆ ಮಾಡಬೇಡಿ. ಆ ಯಂತ್ರವೂ, ಸೂಜಿ ಚುಚ್ಚುವ ಸಿಸ್ಟರ್ ಕೈಯೂ ದೇವರು ಕೊಟ್ಟಿದ್ದೇ.

ಕೊಳ್ಳುವ ಮುಂಚೆ ಅಂಗಡಿಯಲ್ಲೇ ತೆರೆದು ನೋಡಿ. ಹೊರಗೆ ದೊಡ್ಡಕ್ಷರ ಅಂತ ಇದ್ದರೂ ಒಂದೊಂದು ಮುದ್ರಣದಲ್ಲಿ ಸೈಜು ಬೇರೆ ಬೇರೆ ಇರುತ್ತದೆ. ಯಾರಿಗೆ ತರುತ್ತೀರೋ ಅವರ ಕನ್ನಡಕವನ್ನಷ್ಟೇ ಒಯ್ಯುವುದಲ್ಲ, ಅವರನ್ನೇ ಕರೆದುಕೊಂಡು ಹೋಗಿ. ಆಗದಿದ್ದರೆ ಒಂದು ಪುಟದ ಫೋಟೋ ತೆಗೆದು ತೋರಿಸುವುದರಿಂದ ಪ್ರಯೋಜನ ಇಲ್ಲ, ಫೋನಿನಲ್ಲಿ ಎಲ್ಲವೂ ದೊಡ್ಡದಾಗಿಯೇ ಕಾಣುತ್ತದೆ. ನಾವು ಮನೆಯ ಹಳೇ ಸತ್ಯವೇದದಲ್ಲಿ ಒಂದು ಸಾಲನ್ನು ಸ್ಕೇಲಿನಿಂದ ಅಳೆದು, ಅದರ ಎರಡರಷ್ಟು ಇರುವುದನ್ನು ತಂದೆವು. ಕ್ಯಾಥೋಲಿಕ್ ಮನೆಯವರಾದರೆ ಕೇಳಿ ತೆಗೆದುಕೊಳ್ಳಿ. ನಿಮ್ಮದರಲ್ಲಿ 73 ಪುಸ್ತಕ, ನಮ್ಮದರಲ್ಲಿ 66. ನನಗೆ ಸಾವಿರ ರೂಪಾಯಿಯೊಳಗೇ ಸಿಕ್ಕಿತು. ಇಷ್ಟು ದಪ್ಪದ ಪುಸ್ತಕಕ್ಕೆ ಅದು ಜಾಸ್ತಿ ಅಲ್ಲ. ಬಸ್ಸಿಗೆ ಹೊರಡುವ ಮುಂಚೆ ಅಂಗಡಿಗೆ ಫೋನ್ ಮಾಡಿ, ಎಲ್ಲ ಸಲವೂ ಸ್ಟಾಕ್ ಇರುವುದಿಲ್ಲ. ಗಂಗಾವತಿ ಕಡೆಯಿಂದ ಹೋಗುವವರು ಮಳೆಗಾಲದಲ್ಲಿ ಕಂಪ್ಲಿ ಸೇತುವೆ ತೆರೆದಿದೆಯೋ ಇಲ್ಲವೋ ಅಂತಲೂ ಕೇಳಿಕೊಳ್ಳಿ.

ಅಚ್ಚು ಹಾಕಿಸುವವರಲ್ಲಿ ನನ್ನದೊಂದು ಕೋರಿಕೆ. ಯೋಬ, ಕೀರ್ತನೆಗಳು, ಪ್ರಲಾಪಗಳು, ಹಬಕ್ಕೂಕ, ಇವು ನಾಲ್ಕನ್ನೂ ಸೇರಿಸಿ ಒಂದು ಬೇರೆ ಪುಸ್ತಕ ಮಾಡಿ. ಇದೇ ದೊಡ್ಡಕ್ಷರ ಇರಲಿ, ಹಾಳೆ ಸ್ವಲ್ಪ ದಪ್ಪ ಇರಲಿ, ಒಂದೇ ಕೈಯಲ್ಲಿ ಹಿಡಿಯುವಷ್ಟು ಹಗುರ ಇರಲಿ. ಮಲಗಿದವರು ಬಿಡಿಸಿಟ್ಟರೆ ತಾನೇ ಮುಚ್ಚಿಕೊಳ್ಳದ ಹಾಗೆ ಹೊಲಿಯಿರಿ. ವಚನದ ಸಂಖ್ಯೆಯನ್ನೂ ದೊಡ್ಡದು ಮಾಡಿ. ಬೇಕಾದರೆ ನೂರು ರೂಪಾಯಿ ಜಾಸ್ತಿ ಇಡಿ. ನಮ್ಮವರ ಜೊತೆ ಡಯಾಲಿಸಿಸ್‌ಗೆ ಬರುವವರಲ್ಲಿ ಓದುವವರು ಇದ್ದಾರೆ, ಅವರಿಗೂ ಸೇರಿಸಿ ನಾನೇ ನಾಲ್ಕು ಪ್ರತಿ ತೆಗೆದುಕೊಳ್ಳುತ್ತೇನೆ.